ಮರಿ ಎಲ್ಲಿ ಹೋಯ್ತು?

ಬೆಳಿಗ್ಗೆಯಿಂದ ಮೈ ಉರಿಯುತ್ತಿದೆ. ಬರೆದುಬಿಡುತ್ತೇನೆ, ಉದ್ದ ಆದರೆ ಬೈಯಬೇಡಿ.

ಊರೂರು ಸುತ್ತುವ ಕಲಾತಂಡವೊಂದು ಶನಿವಾರ ಬಸ್ ನಿಲ್ದಾಣದ ಗೋಡೆಗೆ ಬಂದಿತ್ತು. ‘ಬನ್ನಿ, ಇದು ನಿಮ್ಮ ಗೋಡೆ’ ಅಂತ ಬೋರ್ಡು. ಖುಷಿಯಿಂದ ಹೋದೆ. ಬ್ರಶ್ಶು ಕೊಟ್ಟರು. ಗೆರೆ ಆಗಲೇ ಎಳೆದಾಗಿತ್ತು. ಒಳಗೆ ನಂಬರು. 4 ಅಂದರೆ ಹಸಿರು. ನನ್ನ ಪಾಲಿಗೆ ಒಂದು ಎಲೆ. ಬಸ್ಸಿಗೆ ಕಾಯುತ್ತಿದ್ದ ಅಜ್ಜಿಯೊಬ್ಬರಿಗೆ ಹಕ್ಕಿಯ ರೆಕ್ಕೆ ಬಂತು. ಅವರು ರೆಕ್ಕೆ ಬಿಟ್ಟು, ಹಕ್ಕಿಯ ಪಕ್ಕದಲ್ಲಿ ಒಂದು ಮರಿ ಬರೆದರು. ಅದಕ್ಕೆ ಮೂರು ಕಾಲು ಇದ್ದ ಹಾಗಿತ್ತು. ಎಲ್ಲರೂ ನಕ್ಕೆವು, ಅಜ್ಜಿಯೂ ನಕ್ಕರು.

ಭಾನುವಾರ ಹೋಗಿ ನೋಡಿದರೆ ಮರಿ ಇಲ್ಲ! ರಾತ್ರಿ ತಂಡದವರೇ ಮೇಲೆ ಇನ್ನೊಂದು ಕೋಟು ಹೊಡೆದು ‘ನೀಟು’ ಮಾಡಿದ್ದಾರೆ. ನನ್ನ ಎಲೆಯೂ ನನ್ನದಲ್ಲ. ಆದರೆ ಅಜ್ಜಿ ಬ್ರಶ್ಶು ಹಿಡಿದ ಫೋಟೋ ಮಾತ್ರ ಅವರ ಪೇಜಿನಲ್ಲಿ ಜಗಮಗ. ಅಂದರೆ ಕೈ ಬೇಕು, ಕೈ ಬರೆದದ್ದು ಬೇಡ.

ಎಲ್ಲರೂ ಹೀಗಲ್ಲ. ಬ್ರಿಟನ್ನಿನ ಕಲಾವಿದ ಲ್ಯೂಕ್ ಜೆರಮ್ ಬಟ್ಟೆ ಒಗೆಯುವ ಅಂಗಡಿಗೆ ಹೋದಾಗಲೆಲ್ಲ ಅವೇ ಮುಖ ನೋಡುತ್ತಿದ್ದರಂತೆ. ಯಾರೂ ಯಾರ ಜೊತೆಗೂ ಮಾತಾಡುತ್ತಿರಲಿಲ್ಲ. 2008ರಲ್ಲಿ ಬರ್ಮಿಂಗ್‌ಹ್ಯಾಮ್‌ನ ಬೀದಿಗಳಲ್ಲಿ 15 ಪಿಯಾನೋ ಇಟ್ಟುಬಿಟ್ಟರು. ನುಡಿಸಿ, ನಿಮ್ಮದೇ ಅಂದರು. ಆಮೇಲೆ ಅದು ಎಷ್ಟೋ ದೇಶ ಸುತ್ತಿತು. ಅಪಸ್ವರ ನುಡಿಸಿದವರ ಹಿಂದೆ ರಾತ್ರಿ ಯಾರೂ ಬಂದು ಸರಿಯಾಗಿ ನುಡಿಸಿ ಹೋಗಲಿಲ್ಲ, ಅಲ್ವಾ?

2011ರಲ್ಲಿ ಅಮೆರಿಕದ ಕಲಾವಿದೆ ಕ್ಯಾಂಡಿ ಚಾಂಗ್ ಅಲ್ಲಿನ ನ್ಯೂ ಆರ್ಲಿಯನ್ಸ್‌ನ ಒಂದು ಪಾಳುಮನೆಯ ಗೋಡೆಗೆ ಕರಿಹಲಗೆಯ ಬಣ್ಣ ಬಳಿದರು. ಸಾಯುವ ಮುಂಚೆ ಏನು ಆಸೆ ಅಂತ ಬರೆಯಲು ಜಾಗ ಬಿಟ್ಟು, ಸೀಮೆಸುಣ್ಣ ಇಟ್ಟರು. ಮರುದಿನಕ್ಕೇ ಗೋಡೆ ತುಂಬಿತ್ತು. ವಕ್ರ ಅಕ್ಷರ, ತಮಾಷೆ, ಅಳು, ಎಲ್ಲ ಅದರಲ್ಲಿ.

ಇನ್ನೂ ಹಿಂದೆ ಹೋದರೆ ಏಡ್ಸ್‌ನಿಂದ ಸತ್ತವರ ನೆನಪಿನ ಕೌದಿ. ಒಂದೊಂದು ತುಂಡೂ 3 ಅಡಿ ಅಗಲ, 6 ಅಡಿ ಉದ್ದ, ಸುಮಾರು ಒಂದು ಗೋರಿಯಷ್ಟು. 1987ರಲ್ಲಿ ವಾಷಿಂಗ್ಟನ್ನಿನಲ್ಲಿ ಹಾಸಿದಾಗ 1,920 ತುಂಡು. ಮರುವರ್ಷ 20 ಊರು ಸುತ್ತಿತು. ಹೋದಲ್ಲೆಲ್ಲ ಜನ ತಮ್ಮವರ ಹೆಸರು ಹೊಲಿದು ತಂದು ಸೇರಿಸಿದರು. ಸುತ್ತು ಮುಗಿಯುವಾಗ 6,000 ದಾಟಿತ್ತು. ಹೊಲಿಗೆ ನೇರ ಇಲ್ಲ ಅಂತ ಆ ತಾಯಂದಿರಿಗೆ ಹೇಳುವ ಧೈರ್ಯ ಯಾರಿಗಿತ್ತು?

ಗೋಡೆ ವರ್ಷಗಟ್ಟಲೆ ಇರಬೇಕು, ಚಂದ ಕಾಣಬೇಕು, ದುಡ್ಡು ಕೊಟ್ಟವರಿಗೆ ತೋರಿಸಬೇಕು ಅನ್ನುತ್ತಾರೆ. ಸರಿ ಸ್ವಾಮಿ. ಹಾಗಾದರೆ ಕಲಾವಿದರೇ ಬರೆಯಲಿ. ನಾವು ನಿಂತು ನೋಡುತ್ತೇವೆ, ಚಪ್ಪಾಳೆ ತಟ್ಟುತ್ತೇವೆ. ಅದರಲ್ಲಿ ನಮಗೇನೂ ಅವಮಾನ ಇಲ್ಲ. ಕರೆದು, ಬ್ರಶ್ಶು ಕೊಟ್ಟು, ಫೋಟೋ ಹೊಡೆದು, ರಾತ್ರಿ ಅಳಿಸುವುದಿದೆಯಲ್ಲ, ಅದು ಊಟಕ್ಕೆ ಕರೆದು ಎಲೆ ಎತ್ತಿದ ಹಾಗೆ.

ಇಷ್ಟು ಕೋಪ ಯಾಕೆ ಅಂತ ಕೇಳಬಹುದು. ನನಗೆ ಗೊತ್ತು ಯಾಕೆ ಅಂತ. ಕಾಲೇಜಿನಲ್ಲಿ ಇಂಥದ್ದೇ ತಂಡದ ಜೊತೆ ಬಣ್ಣದ ಬಕೆಟ್ ಹೊತ್ತವನು ನಾನು, ಹಳೇ ಗೆಳೆಯರಿಗೆ ನೆನಪಿರಬೇಕು. ಒಬ್ಬ ಹುಡುಗ ಸೂರ್ಯನಿಗೆ ಮೀಸೆ ಬರೆದಿದ್ದ. ಎಲ್ಲರೂ ಹೋದ ಮೇಲೆ ಅದರ ಮೇಲೆ ಹಳದಿ ಬಳಿದದ್ದು ನಾನೇ. ಯಾರೂ ಹೇಳಿರಲಿಲ್ಲ, ಸುಮ್ನೆ ‘ಸರಿ ಮಾಡೋಣ’ ಅಂತ. ಮರುದಿನ ಅವನು ಅಮ್ಮನ ಕೈ ಹಿಡಿದು ಎಳೆದುಕೊಂಡು ಬಂದ. ಸೂರ್ಯನ ಮುಂದೆ ನಿಂತು ಹುಡುಕಿದ. ಆಮೇಲೆ ನನ್ನ ಕಡೆ ತಿರುಗಿದ. ನಾನು ಬಕೆಟ್ ತೊಳೆಯುತ್ತಾ ಕೂತೆ. ಅದು ಆಗಲೇ ತೊಳೆದ ಬಕೆಟ್ಟು.