ಕಡತ ಒಪ್ಪಿಸುವುದು ಒಂದು ದಿನದ ಮಾತಲ್ಲ
ಅಗಲಿದ ಹಿರಿಯ ಸಿವಿಲ್ ವಕೀಲರನ್ನು ಸ್ಮರಿಸಿದ ನಿಮ್ಮ ಲೇಖನದಲ್ಲಿ, ಅವರು ‘ನಿವೃತ್ತಿಯ ದಿನವೇ ಕಡತಗಳನ್ನೆಲ್ಲ ಕಿರಿಯರಿಗೆ ಒಪ್ಪಿಸಿ ಸಂಸಾರಕ್ಕೆ ಮರಳಿದರು’ ಎಂದು ಒಂದೇ ಸಾಲಿನಲ್ಲಿ ಮುಗಿಸಿದ್ದೀರಿ. ಇದು ತಿಂಗಳುಗಟ್ಟಲೆ ಹಿಡಿಯುವ ಕೆಲಸ. ಸಿವಿಲ್ ಪ್ರಕ್ರಿಯಾ ಸಂಹಿತೆಯ ಆದೇಶ 3, ನಿಯಮ 4ರಂತೆ, ನಡೆಯುತ್ತಿರುವ ದಾವೆಯಲ್ಲಿ ವಕಾಲತ್ತಿನಿಂದ (ಕಕ್ಷಿದಾರರು ತಮ್ಮ ಪರ ನಡೆಸಲು ವಕೀಲರಿಗೆ ಬರೆದುಕೊಡುವ ಅಧಿಕಾರಪತ್ರ) ಬಿಡುಗಡೆಗೆ ನ್ಯಾಯಾಲಯದ ಅನುಮತಿ ಬೇಕು. ಪ್ರತಿ ದಾವೆಗೂ, ಬೇರೆ ವಕೀಲರು ಬರಲು ತಮ್ಮ ಆಕ್ಷೇಪವಿಲ್ಲವೆಂದು ನಿರಾಕ್ಷೇಪಣೆ ಬರೆದುಕೊಟ್ಟು ಹೊಸ ವಕಾಲತ್ತು ಹಾಕಿಸಬೇಕು. ಕ್ರಯಪತ್ರ, ವಿಭಾಗಪತ್ರಗಳ ಅಸಲನ್ನು ಸಹಿ ಪಡೆದೇ ಕಕ್ಷಿದಾರರಿಗೆ ಹಿಂದಿರುಗಿಸಬೇಕು. ಒಂದು ಕಡತ ಮರೆತರೂ ವಿಚಾರಣೆಗೆ ಯಾರೂ ಹಾಜರಾಗದೆ ದಾವೆ ವಜಾ ಆದೀತು. ಮತ್ತೆ ಊರ್ಜಿತಗೊಳಿಸಲು ಅರ್ಜಿ ಹಾಕಲು ಇರುವುದು 30 ದಿನ. ಇಷ್ಟನ್ನು ಮುಗಿಸದ ವಕೀಲರು ತೀರಿಕೊಂಡರೆ, ಸೂತಕ ಕಳೆಯುವ ಮೊದಲೇ ಕಕ್ಷಿದಾರರು ಬಾಗಿಲಿಗೆ ಬರುತ್ತಾರೆ, ಹೆಂಡತಿ ಮಕ್ಕಳು ಅಟ್ಟ ಹತ್ತಿ ಪತ್ರ ಹುಡುಕಬೇಕಾಗುತ್ತದೆ. ಈ ಹಿರಿಯರು ಎಲ್ಲವನ್ನೂ ಒಪ್ಪಿಸಿ ತಮ್ಮ ಮನೆಯವರನ್ನು ಅದರಿಂದ ಪಾರು ಮಾಡಿದ್ದೂ ಅವರ ಸಂಸಾರಪ್ರೀತಿಯೇ. ಲೇಖನದಲ್ಲಿ ಅದಕ್ಕೊಂದು ಪ್ಯಾರಾ ಸಲ್ಲಬೇಕಿತ್ತು.