ಗಿರಾಕಿ ಮತ್ತೆ ಬಂದರಾ ಅಂತ ಯಾಕೆ ಯಾರೂ ಕೇಳುವುದಿಲ್ಲ?

ನಿನ್ನೆ ಯುವ ಉದ್ಯಮಿಗಳ ಒಂದು ಕಾರ್ಯಕ್ರಮಕ್ಕೆ ಹೋಗಿದ್ದೆ. ವೇದಿಕೆ ಮೇಲೆ ನಾಲ್ಕು ಜನ, ಎಲ್ಲರೂ ಮೂವತ್ತರ ಒಳಗಿನವರು. ಚುರುಕಾದ ಹುಡುಗ ಹುಡುಗಿಯರು, ಅವರ ಮೇಲೆ ನನಗೇನೂ ಸಿಟ್ಟಿಲ್ಲ. ಸಿಟ್ಟು ಬಂದಿದ್ದು ಅವರನ್ನು ಪರಿಚಯ ಮಾಡಿಕೊಟ್ಟ ರೀತಿಗೆ. ಹೆಸರು, ವಯಸ್ಸು, ಎಷ್ಟು ಕೋಟಿ ಫಂಡಿಂಗ್ ಬಂದಿದೆ, ಚಪ್ಪಾಳೆ. ಮುಂದಿನವರು. ಹೆಸರು, ವಯಸ್ಸು, ಕೋಟಿ, ಚಪ್ಪಾಳೆ. ಅವರು ಏನು ಮಾರುತ್ತಾರೆ ಅನ್ನುವುದು ಮಾತಿನ ನಡುವೆ ಎಲ್ಲೋ ಬಂದು ಹೋಯಿತು, ಒಬ್ಬರ ವಿಷಯದಲ್ಲಂತೂ ಕೊನೆಯವರೆಗೂ ನನಗೆ ತಿಳಿಯಲೇ ಇಲ್ಲ. ಪ್ರಶ್ನೋತ್ತರದ ಹೊತ್ತಿಗೆ ಒಬ್ಬ ವಿದ್ಯಾರ್ಥಿ ಎದ್ದು ನಿಂತು 'ಸರ್, ಫಂಡಿಂಗ್ ಕೇಳೋಕೆ ಎಷ್ಟು ಸ್ಲೈಡ್ ಮಾಡ್ಬೇಕು?' ಅಂತ ಕೇಳಿದ. ಅದಕ್ಕೆ ಉದ್ದನೆಯ ಉತ್ತರ ಬಂತು. ಕಳೆದ ವರ್ಷ ನಿಮ್ಮ ಹತ್ತಿರ ಕೊಂಡವರಲ್ಲಿ ಎಷ್ಟು ಜನ ಈ ವರ್ಷ ಮತ್ತೆ ಕೊಂಡರು ಅಂತ ಮಾತ್ರ ಒಬ್ಬರೂ ಕೇಳಲಿಲ್ಲ. ನಾನು ಕೈ ಎತ್ತಿದೆ. ಸಮಯ ಆಯ್ತು ಅಂದರು.

ನನ್ನ ಕೆಲಸ ನಿಮಗೆಲ್ಲ ಗೊತ್ತೇ ಇದೆ. ಸಣ್ಣ ಸಣ್ಣ ಕಂಪನಿಗಳ ಲೆಕ್ಕಪತ್ರ ನೋಡಿಕೊಳ್ಳುವವನು ನಾನು. ವೇದಿಕೆ ಮೇಲಿನ ಮಾತು ಒಂದು, ನನ್ನ ಟೇಬಲ್‌ಗೆ ಬರುವ ಬ್ಯಾಂಕ್ ಸ್ಟೇಟ್‌ಮೆಂಟ್ ಇನ್ನೊಂದು. ಹೀಗಾಗಿ ಈ ವಿಷಯದಲ್ಲಿ ನನಗೆ ಸುಮ್ನೆ ಇರೋಕೆ ಆಗುವುದಿಲ್ಲ.

ಫಂಡಿಂಗ್ ಅಂದರೆ ಏನು? ಬೇರೆಯವರ ಹಣ. ನಿಮ್ಮ ಕಂಪನಿಯ ಒಂದು ಪಾಲನ್ನು ಮಾರಿ ತಂದ ಹಣ. ಅದು ಆದಾಯ ಅಲ್ಲ, ಲಾಭವಂತೂ ಅಲ್ಲವೇ ಅಲ್ಲ. ಅದರ ಜೊತೆ ಬರುವ ಷರತ್ತುಗಳನ್ನು ಈ ಮಕ್ಕಳಿಗೆ ಯಾರೂ ಬಿಡಿಸಿ ಹೇಳುವುದಿಲ್ಲ. ಒಂದೇ ಒಂದು ಷರತ್ತು ತೆಗೆದುಕೊಳ್ಳಿ. ಹೂಡಿಕೆದಾರ 5 ಕೋಟಿ ಹಾಕಿ ನೂರಕ್ಕೆ 25 ಪಾಲು ಪಡೆದ ಅಂದುಕೊಳ್ಳಿ. ಮುಂದೆ ಕಂಪನಿ ಸರಿಯಾಗಿ ನಡೆಯದೆ 6 ಕೋಟಿಗೆ ಮಾರಿಹೋಯಿತು. ಅವನಿಗೆ ಒಂದೂವರೆ ಕೋಟಿ ತಾನೇ ಬರಬೇಕು ಅಂತ ನಾವು ಅಂದುಕೊಳ್ಳುತ್ತೇವೆ. ಆದರೆ ಮಾರಾಟವಾದರೆ ತಾನು ಹಾಕಿದ ಹಣ ಮೊದಲು ತನಗೆ ವಾಪಸ್ ಬರಬೇಕು ಅನ್ನುವ ಷರತ್ತು ಇಂಥ ಒಪ್ಪಂದಗಳಲ್ಲಿ ಸಾಮಾನ್ಯ. ಅವನು 5 ಕೋಟಿ ತೆಗೆದುಕೊಂಡು ಹೋಗುತ್ತಾನೆ. ಮುಕ್ಕಾಲು ಪಾಲಿನ ಒಡೆಯರಾದ ನೀವು, ನಿಮ್ಮ ಜೊತೆಗಾರರು, ಹಗಲು ರಾತ್ರಿ ದುಡಿದ ನೌಕರರು ಎಲ್ಲ ಸೇರಿ ಉಳಿದ ಒಂದು ಕೋಟಿ ಹಂಚಿಕೊಳ್ಳಬೇಕು. ಇದರಲ್ಲಿ ಮೋಸ ಇಲ್ಲ, ಕಾಗದದಲ್ಲಿ ಬರೆದೇ ಇರುತ್ತದೆ. ಸಹಿ ಹಾಕುವ ಹುಡುಗನಿಗೆ ಅದು ಅರ್ಥವಾಗಿರುತ್ತದಾ ಅನ್ನುವುದೇ ನನ್ನ ಚಿಂತೆ.

ಇನ್ನು ಹಣ ಬಂದರೆ ಗಿರಾಕಿ ತಾನಾಗಿ ಬರುತ್ತಾನೆ ಅನ್ನುವ ನಂಬಿಕೆ. ಅಮೆರಿಕದ ಕ್ವಿಬಿ ನೆನಪಿದೆಯಾ? ಮೊಬೈಲ್‌ನಲ್ಲಿ ಚಿಕ್ಕ ಚಿಕ್ಕ ಕಾರ್ಯಕ್ರಮ ತೋರಿಸುವ ಕಂಪನಿ. ಸುಮಾರು 175 ಕೋಟಿ ಡಾಲರ್ ಬಂಡವಾಳ ಬಂದಿತ್ತು. 2020ರ ಏಪ್ರಿಲ್‌ನಲ್ಲಿ ಶುರುವಾಯಿತು, ಅದೇ ವರ್ಷ ಡಿಸೆಂಬರ್ ಹೊತ್ತಿಗೆ ಬಾಗಿಲು ಹಾಕಿತು. ನಡೆಸುತ್ತಿದ್ದವರು ದೊಡ್ಡ ಅನುಭವಿಗಳು. ಹಣಕ್ಕೆ ಕೊರತೆ ಇರಲಿಲ್ಲ, ತಿಂಗಳಿಗೆ ದುಡ್ಡು ಕೊಟ್ಟು ನೋಡುವವರಿಗೆ ಕೊರತೆ ಇತ್ತು. ಅದಕ್ಕೂ ಹಿಂದೆ ವೆಬ್‌ವ್ಯಾನ್ ಅಂತ ಒಂದಿತ್ತು, ಮನೆಗೆ ದಿನಸಿ ತಲುಪಿಸುವ ಕಂಪನಿ. ಮೊದಲ ಊರಿನಲ್ಲಿ ಲಾಭ ಬರುವ ಮೊದಲೇ ಇನ್ನೊಂದು ಊರು, ಮತ್ತೊಂದು ಊರು ಅಂತ ದೊಡ್ಡ ದೊಡ್ಡ ಗೋದಾಮು ಕಟ್ಟುತ್ತಾ ಹೋದರು. 2001ರಲ್ಲಿ ದಿವಾಳಿ. ಒಂದು ಕಡೆ ನಷ್ಟ ಆಗುತ್ತಿರುವ ಲೆಕ್ಕವನ್ನು ಹತ್ತು ಕಡೆ ಮಾಡಿದರೆ ಹತ್ತು ಪಟ್ಟು ನಷ್ಟವಾಗುತ್ತದೆ, ಇದಕ್ಕೆ ದೊಡ್ಡ ಓದು ಬೇಕಾ?

ಈಗ ಸಾರಾ ಬ್ಲೇಕ್ಲಿ ಕಡೆ ನೋಡಿ. ಮನೆ ಮನೆ, ಆಫೀಸು ಆಫೀಸು ಸುತ್ತಿ ಫ್ಯಾಕ್ಸ್ ಯಂತ್ರ ಮಾರುತ್ತಿದ್ದ ಹುಡುಗಿ. ಕೈಯಲ್ಲಿದ್ದಿದ್ದು 5,000 ಡಾಲರ್ ಉಳಿತಾಯ. ಬಟ್ಟೆಯ ಒಳಗೆ ಹಾಕುವ ಬಿಗಿಯಾದ ಉಡುಪು ಅವಳ ಸರಕು. ಗಿರಣಿಗಳೆಲ್ಲ ಇದು ಆಗುವ ಕೆಲಸ ಅಲ್ಲ ಅಂದವು. ಒಬ್ಬ ಗಿರಣಿ ಮಾಲೀಕ ಮಾತ್ರ ಆಮೇಲೆ ವಾಪಸ್ ಫೋನ್ ಮಾಡಿದ, ಯಾಕೆಂದರೆ ಅವನು ಮನೆಯಲ್ಲಿ ತನ್ನ ಹೆಣ್ಣುಮಕ್ಕಳಿಗೆ ಹೇಳಿದಾಗ ಅವರಿಗೆ ಅದು ತಕ್ಷಣ ಹಿಡಿಸಿತ್ತು. ದೊಡ್ಡ ಅಂಗಡಿಯೊಂದರ ಖರೀದಿ ಅಧಿಕಾರಿಯ ಮುಂದೆ ಮಾತಿನಲ್ಲಿ ವಿವರಿಸಿ ಪ್ರಯೋಜನವಿಲ್ಲ ಅನ್ನಿಸಿದಾಗ, ಆ ಹೆಂಗಸನ್ನು ಅಲ್ಲೇ ರೆಸ್ಟ್‌ರೂಮಿಗೆ ಕರೆದುಕೊಂಡು ಹೋಗಿ, ಹಾಕಿಕೊಳ್ಳುವ ಮೊದಲು ಹೇಗೆ ಕಾಣುತ್ತೆ, ಆಮೇಲೆ ಹೇಗೆ ಕಾಣುತ್ತೆ ಅಂತ ತೋರಿಸಿದಳು. ಆರ್ಡರ್ ಸಿಕ್ಕಿತು. 2000ದಲ್ಲಿ ಶುರುವಾದ ಸ್ಪ್ಯಾಂಕ್ಸ್ ಕಂಪನಿಗೆ 2021ರವರೆಗೆ ಹೊರಗಿನ ಹೂಡಿಕೆದಾರರೇ ಇರಲಿಲ್ಲ. ಆ ವರ್ಷ ಬ್ಲ್ಯಾಕ್‌ಸ್ಟೋನ್ ಅನ್ನುವ ಹೂಡಿಕೆ ಸಂಸ್ಥೆ ದೊಡ್ಡ ಪಾಲು ಕೊಂಡಾಗ ಇಡೀ ಕಂಪನಿಯ ಬೆಲೆ 120 ಕೋಟಿ ಡಾಲರ್ ಆಗಿತ್ತು. ವ್ಯಾಪಾರಿಗಳು ತಮ್ಮ ಗಿರಾಕಿಗಳಿಗೆ ಇಮೇಲ್ ಕಳಿಸೋಕೆ ಬಳಸುವ ಮೇಲ್‌ಚಿಂಪ್ ಕೂಡ ಹಾಗೇ. 2001ರಿಂದ ಗಿರಾಕಿಗಳ ದುಡ್ಡಿನಲ್ಲೇ ಬೆಳೆದು, 2021ರಲ್ಲಿ ಸುಮಾರು 1,200 ಕೋಟಿ ಡಾಲರ್‌ಗೆ ಮಾರಾಟವಾಯಿತು. ನಿನ್ನೆಯಂಥ ವೇದಿಕೆಯಲ್ಲಿ ಮೊದಲ ಇಪ್ಪತ್ತು ವರ್ಷ ಇವರನ್ನೆಲ್ಲ ಏನಂತ ಪರಿಚಯ ಮಾಡಿಕೊಡುತ್ತಿದ್ದರು? ಹೇಳೋಕೆ ಫಂಡಿಂಗ್ ಅಂಕಿಯೇ ಇಲ್ಲವಲ್ಲ!

ಫಂಡಿಂಗ್ ತಗೊಂಡವರೂ ಗೆದ್ದಿದ್ದಾರೆ, ನಾನು ಇಲ್ಲ ಅನ್ನುವುದಿಲ್ಲ. ಆದರೆ ಅವರ ಕಥೆಯ ಯಾವ ಭಾಗವನ್ನು ನಾವು ಹೇಳುತ್ತೇವೆ ನೋಡಿ. ಜನರ ಮನೆ, ಕೋಣೆಗಳನ್ನು ಪ್ರವಾಸಿಗರಿಗೆ ಬಾಡಿಗೆಗೆ ಕೊಡಿಸುವ ಏರ್‌ಬಿಎನ್‌ಬಿ 2009ರಲ್ಲಿ ವಾರಕ್ಕೆ 200 ಡಾಲರ್ ಆದಾಯದಲ್ಲಿ ನಿಂತುಬಿಟ್ಟಿತ್ತು. ನಿಮ್ಮ ಬಳಕೆದಾರರು ನ್ಯೂಯಾರ್ಕ್‌ನಲ್ಲಿದ್ದರೆ ನೀವ್ಯಾಕೆ ಇಲ್ಲಿ ಕೂತಿದ್ದೀರಿ ಅಂತ ಮಾರ್ಗದರ್ಶಕರು ಕೇಳಿದರು. ಹುಡುಗರು ಹೋದರು. ಮನೆ ಬಾಡಿಗೆಗೆ ಕೊಡುವವರ ಬಾಗಿಲು ತಟ್ಟಿ, ಒಳ್ಳೆ ಕ್ಯಾಮೆರಾ ತಂದು, ತಾವೇ ಕೋಣೆಗಳ ಫೋಟೋ ತೆಗೆದರು. ಮಬ್ಬು ಫೋಟೋ ನೋಡಿ ಯಾರೂ ಬುಕ್ ಮಾಡುತ್ತಿರಲಿಲ್ಲ ಅನ್ನುವುದು ಹೋಗಿ ನೋಡಿದ ಮೇಲೆ ತಿಳಿದಿದ್ದು. ಸ್ವಲ್ಪ ದಿನದಲ್ಲೇ ವಾರದ ಆದಾಯ ಎರಡರಷ್ಟಾಯಿತು. ಕಂಪನಿ ಮಾಲೀಕರೇ ಕ್ಯಾಮೆರಾ ಹಿಡಿದು ಊರು ಸುತ್ತುವುದು ಎಷ್ಟು ದಿನ ನಡೆಯುತ್ತದೆ ಅಂತ ಕೇಳಬಹುದು. ನಡೆಯುವುದಿಲ್ಲ. ಆದರೆ ಗಿರಾಕಿಗೆ ಏನು ಅಡ್ಡಿಯಾಗುತ್ತಿದೆ ಅಂತ ತಿಳಿದ ಮೇಲೆ ತಾನೇ ಅದಕ್ಕೊಂದು ವ್ಯವಸ್ಥೆ ಮಾಡೋಕೆ ಆಗೋದು?

ನಾನು ಲೆಕ್ಕ ನೋಡುವ ಒಬ್ಬ ಹುಡುಗಿ ಇದ್ದಾಳೆ. ಇಪ್ಪತ್ತಾರು ವಯಸ್ಸು. ಉಡುಗೊರೆ ಸಾಮಾನು ಮಾಡಿ ಮಾರುತ್ತಾಳೆ. ಅವಳ ಹತ್ತಿರ ಒಂದು ನೋಟ್‌ಬುಕ್ ಇದೆ, ಗೆರೆ ಎಳೆದು ಮೂರು ಕಾಲಂ ಮಾಡಿದ್ದಾಳೆ. ಗಿರಾಕಿಯ ಹೆಸರು, ಕೊನೆಯ ಆರ್ಡರ್ ದಿನ, ಯಾಕೆ ಮತ್ತೆ ತಗೊಂಡಿಲ್ಲ. ಮೂರನೆಯ ಕಾಲಂ ಅವರದೇ ಮಾತಿನಲ್ಲಿರಬೇಕು ಅನ್ನುವುದು ಅವಳ ನಿಯಮ. ಸಂಜೆ ಕೂತು ಒಬ್ಬೊಬ್ಬರಿಗೂ ಫೋನ್ ಮಾಡುತ್ತಾಳೆ. 'ಸಾಮಾನು ಚೆನ್ನಾಗಿತ್ತಮ್ಮ, ಆದ್ರೆ ಬಾಕ್ಸ್ ಮೂಲೆ ಜಜ್ಜಿಹೋಗಿತ್ತು, ಹಾಗೇ ಹೇಗೆ ಕೊಡೋದು ಅಂತ ಬೇರೆ ಕಡೆ ತಗೊಂಡೆ.' ಈ ಮಾತು ಒಂದೇ ಪುಟದಲ್ಲಿ ಮತ್ತೆ ಮತ್ತೆ ಇತ್ತು. ಅವಳು ಹೊಸ ಸರಕು ತರುವುದನ್ನು ನಿಲ್ಲಿಸಿ ಮೊದಲು ಬಾಕ್ಸ್ ಬದಲಾಯಿಸಿದಳು. ಸ್ವಲ್ಪ ದಪ್ಪ ರಟ್ಟು, ಒಳಗೆ ಮೂಲೆಗೆ ಒಂದು ಮಡಿಕೆ. ಹೋದ ಗಿರಾಕಿಗಳು ವಾಪಸ್ ಬರತೊಡಗಿದ್ದು ಅವಳ ಪುಸ್ತಕದಲ್ಲಿ ನನಗೇ ಕಾಣುತ್ತಿದೆ. ಎಷ್ಟು ಖುಷಿಯಾಯಿತು ಅಂದರೆ, ಆ ಪುಟ ನೋಡಿ ಅವಳಿಗಿಂತ ಜಾಸ್ತಿ ನಾನೇ ಸಂಭ್ರಮಿಸಿದೆ. ಅವಳನ್ನು ಯಾವ ವೇದಿಕೆಗೂ ಯಾರೂ ಕರೆದಿಲ್ಲ.

ಆದರೆ ಅವಳಿಗೂ ಈಗ ಒಂದು ಕಷ್ಟ ಎದುರಾಗಿದೆ. ಬೆಳೆಯುವವರೆಲ್ಲರಿಗೂ ಎದುರಾಗುವಂಥದ್ದೇ, ಯಾರೂ ಹೇಳಿಕೊಡದ್ದು. ಒಂದು ದೊಡ್ಡ ಕಂಪನಿಯಿಂದ ಆರ್ಡರ್ ಬಂದಿದೆ. ಹಣ 90 ದಿನದ ಮೇಲೆ. ಲೆಕ್ಕ ಹಾಕಿ ನೋಡಿ. ತಿಂಗಳಿಗೆ 10 ಲಕ್ಷದ ಮಾಲು, ಅದಕ್ಕೆ ಖರ್ಚು 8 ಲಕ್ಷ. ಕಾಗದದ ಮೇಲೆ 2 ಲಕ್ಷ ಲಾಭ. ಆದರೆ ಕಚ್ಚಾ ಮಾಲಿನವರಿಗೆ ಕೈಮೇಲೆ ದುಡ್ಡು, ಕೆಲಸದವರಿಗೆ ತಿಂಗಳಿಗೆ ಸಂಬಳ. ಮೊದಲ ಬಿಲ್ಲಿನ ಹಣ ಕೈಗೆ ಬರುವ ಹೊತ್ತಿಗೆ 24 ಲಕ್ಷ ಅವಳ ಕೈಯಿಂದ ಹೋಗಿರುತ್ತದೆ. ಆರ್ಡರ್ ಎರಡರಷ್ಟಾದರೆ 48 ಲಕ್ಷ. ಅಂದರೆ ವ್ಯಾಪಾರ ಬೆಳೆದಷ್ಟೂ ಕೈ ಬರಿದಾಗುತ್ತದೆ! ಲಾಭದಲ್ಲಿದ್ದೂ ಮುಚ್ಚಿಹೋದ ಕಂಪನಿಗಳನ್ನು ನಾನು ಕಣ್ಣಾರೆ ಕಂಡಿದ್ದೇನೆ, ಕಾರಣ ಇದೇ. ಅರ್ಧ ಮುಂಗಡ ಕೇಳು, ಇಲ್ಲದಿದ್ದರೆ ಆರ್ಡರ್‌ನಲ್ಲಿ ಅರ್ಧ ಮಾತ್ರ ಒಪ್ಪಿಕೋ ಅಂತ ಅವಳಿಗೆ ಹೇಳಿದ್ದೇನೆ. ಮೈಕೆಲ್ ಡೆಲ್ 1984ರಲ್ಲಿ ಹತ್ತೊಂಬತ್ತನೇ ವಯಸ್ಸಿಗೆ 1,000 ಡಾಲರ್ ಇಟ್ಟುಕೊಂಡು ಹಾಸ್ಟೆಲ್ ಕೋಣೆಯಿಂದ ಕಂಪ್ಯೂಟರ್ ಕಂಪನಿ ಶುರು ಮಾಡಿದ ಕಥೆ ಎಲ್ಲರಿಗೂ ಗೊತ್ತು. ಆದರೆ ಆ ಕಂಪನಿ ಮುಂದೆ ಅಷ್ಟು ಜೋರಾಗಿ ಬೆಳೆದಿದ್ದು ಹೇಗೆ? ಗಿರಾಕಿಯಿಂದ ಹಣ ಮೊದಲು ಬರುತ್ತಿತ್ತು, ಬಿಡಿಭಾಗ ಕೊಟ್ಟವರಿಗೆ ಹಣ ಆಮೇಲೆ ಹೋಗುತ್ತಿತ್ತು. ಆ ನಡುವಿನ ದಿನಗಳಲ್ಲಿ ಗಿರಾಕಿಯ ದುಡ್ಡೇ ಬಂಡವಾಳವಾಗಿ ಕೆಲಸ ಮಾಡಿತು. ಹಾಸ್ಟೆಲ್ ಕೋಣೆಗೆ ಸಿಕ್ಕ ಪ್ರಚಾರ ಇದಕ್ಕೆ ಸಿಗಲಿಲ್ಲ.

'ಅಮೆಜಾನ್ ಎಷ್ಟು ವರ್ಷ ನಷ್ಟದಲ್ಲಿತ್ತು ಗೊತ್ತಾ?' ಅಂತ ಕಾಮೆಂಟಿನಲ್ಲಿ ಯಾರಾದರೂ ಬರೆಯುತ್ತಾರೆ ಅಂತ ಗೊತ್ತು. ಹೌದು. 1994ರಲ್ಲಿ ಹುಟ್ಟಿದ ಕಂಪನಿ ಮೊದಲ ಬಾರಿ ಲಾಭ ಕಂಡಿದ್ದು 2001ರ ಕೊನೆಯ ಮೂರು ತಿಂಗಳಲ್ಲಿ. ಆದರೆ ಅಲ್ಲೂ ಪುಸ್ತಕ ಕೊಂಡವನು ತಕ್ಷಣ ಹಣ ಕೊಡುತ್ತಿದ್ದ, ಪುಸ್ತಕ ಒದಗಿಸಿದವರಿಗೆ ಹಣ ತಡವಾಗಿ ಹೋಗುತ್ತಿತ್ತು. ಕೊಂಡವರು ಮತ್ತೆ ಮತ್ತೆ ಬರುತ್ತಿದ್ದರು. ನಷ್ಟದ ಅಂಕಿಯನ್ನು ಮಾತ್ರ ಎತ್ತಿಕೊಂಡು ನಮ್ಮದೂ ನಷ್ಟ, ನಾವೂ ಅಮೆಜಾನ್ ದಾರಿಯಲ್ಲೇ ಇದ್ದೇವೆ ಅನ್ನುವುದು ಸರಿಯಲ್ಲ. ಔಷಧ ಕಂಡುಹಿಡಿಯುವವರಿಗೆ, ಚಿಪ್ ಮಾಡುವವರಿಗೆ ಮೊದಲೇ ದೊಡ್ಡ ಬಂಡವಾಳ ಬೇಕು, ಖಂಡಿತ ತಗೊಳ್ಳಲಿ. ನಿನ್ನೆ ವೇದಿಕೆಯಲ್ಲಿ ಅಂಥವರು ಯಾರೂ ಇರಲಿಲ್ಲ.

ವಯಸ್ಸಿನ ಮಾತೂ ಒಂದಿದೆ. ಇಪ್ಪತ್ತೆರಡಕ್ಕೇ ಕಂಪನಿ ಕಟ್ಟಿದರು ಅಂತ ಹೊಗಳುವುದರಿಂದ ಇಪ್ಪತ್ತೆಂಟರ ಹುಡುಗ ನನಗೆ ತಡವಾಯ್ತು ಅಂದುಕೊಳ್ಳುತ್ತಿದ್ದಾನೆ. ನನ್ನ ಹತ್ತಿರ ಬಂದು ಹಾಗೇ ಹೇಳಿದವರಿದ್ದಾರೆ, ಕೇಳಿ ಸಂಕಟವಾಗುತ್ತದೆ. ಅಮೆರಿಕದ ಜನಗಣತಿ ಇಲಾಖೆಯ ದಾಖಲೆ ಇಟ್ಟುಕೊಂಡು ಅರ್ಥಶಾಸ್ತ್ರಜ್ಞರು ಮಾಡಿದ ಒಂದು ಅಧ್ಯಯನ 2020ರಲ್ಲಿ ಪ್ರಕಟವಾಯಿತು. ಅತಿ ವೇಗವಾಗಿ ಬೆಳೆದ, ಅಂದರೆ ಸಾವಿರಕ್ಕೆ ಒಂದರಂತೆ ಮೇಲೆ ಬಂದ ಕಂಪನಿಗಳನ್ನು ಶುರು ಮಾಡಿದವರ ಸರಾಸರಿ ವಯಸ್ಸು 45. ಅದೇ ಕ್ಷೇತ್ರದಲ್ಲಿ ಮೊದಲು ಕೆಲಸ ಮಾಡಿ ಅನುಭವ ಇದ್ದವರೇ ಹೆಚ್ಚು ಗೆದ್ದಿದ್ದರು. ಹಾಗಂತ ಹುಡುಗರು ಕಾಯುತ್ತಾ ಕೂರಬೇಕಾಗಿಲ್ಲ. ಎರಡು ವರ್ಷ ಬೇರೆಯವರ ಹತ್ತಿರ ಕೆಲಸ ಮಾಡಿ ಗಿರಾಕಿ ಹೇಗೆ ಯೋಚಿಸುತ್ತಾನೆ, ಬಾಕಿ ಹೇಗೆ ವಸೂಲಿ ಮಾಡಬೇಕು ಅಂತ ಕಲಿತರೆ ಅದು ವ್ಯರ್ಥ ಅಲ್ಲ ಅಂತ ಹೇಳುತ್ತಿದ್ದೇನೆ, ಅಷ್ಟೇ.

ಕಾರ್ಯಕ್ರಮ ಮಾಡುವವರು ನನ್ನ ಸ್ನೇಹಿತರ ಪಟ್ಟಿಯಲ್ಲೂ ಇದ್ದೀರಿ. ದಯವಿಟ್ಟು ಮುಂದಿನ ಸಲ ಪರಿಚಯದ ಸಾಲು ಬದಲಾಯಿಸಿ. ಏನು ಮಾರುತ್ತಾರೆ, ಯಾರಿಗೆ, ಮತ್ತೆ ಬಂದವರು ನೂರಕ್ಕೆ ಎಷ್ಟು, ನೌಕರರ ಸಂಬಳ ಯಾರ ದುಡ್ಡಿನಿಂದ ಹೋಗುತ್ತಿದೆ, ಗಿರಾಕಿಯದ್ದಾ ಹೂಡಿಕೆದಾರನದ್ದಾ? ಇಷ್ಟು ಕೇಳಿ. ಹೇಳೋಕೆ ಇಷ್ಟ ಇಲ್ಲದವರು ಹೇಗೂ ಬರುವುದಿಲ್ಲ, ಬರುವವರ ಮಾತು ಕೇಳಿದರೆ ಆ ವಿದ್ಯಾರ್ಥಿಗೆ ಏನಾದರೂ ಸಿಗುತ್ತದೆ.

ಶುರು ಮಾಡಿ ಒಂದೆರಡು ವರ್ಷ ಆಗಿರುವವರು ಇದನ್ನು ಓದುತ್ತಿದ್ದರೆ, ಶನಿವಾರ ಮಧ್ಯಾಹ್ನದ ಮೇಲೆ ನಾನು ಬಿಡುವಾಗಿರುತ್ತೇನೆ. ಫೀಸು ಬೇಡ. ಸ್ಲೈಡ್ ಬೇಡ. ಕಳೆದ ಆರು ತಿಂಗಳ ಬ್ಯಾಂಕ್ ಸ್ಟೇಟ್‌ಮೆಂಟ್, ಯಾರ್ಯಾರಿಂದ ಎಷ್ಟು ಬಾಕಿ ಬರಬೇಕು ಅನ್ನುವ ಪಟ್ಟಿ, ಇವೆರಡು ತನ್ನಿ. ಇನ್‌ಬಾಕ್ಸ್‌ನಲ್ಲಿ ಮೊದಲೇ ಒಂದು ಮೆಸೇಜ್ ಹಾಕಿ.