ಅಳತೆ ನೋಡದೆ ಕಾರಿನ ಇಂಜಿನ್ನಿಗೆ ರಿಂಗ್ ಹಾಕುವವರನ್ನು ಕಂಡರೆ ಸಿಟ್ಟು ಬರುತ್ತೆ

ಬೆಳಗ್ಗೆಯಿಂದ ತಲೆ ಬಿಸಿಯಾಗಿದೆ. ಬರೆದರಾದರೂ ಸ್ವಲ್ಪ ಇಳಿಯಬಹುದು.

ನಮ್ಮ ಭಾವನ ಬಿಳಿ ಮಾರುತಿ 800 ನಿಮ್ಮಲ್ಲಿ ಹಲವರಿಗೆ ಗೊತ್ತು. ನನ್ನ ಮದುವೆಯ ಓಡಾಟವೆಲ್ಲ ಅದರಲ್ಲೇ ಆಗಿದ್ದು. ಈಚೆಗೆ ಆಯಿಲ್ ಕುಡಿಯಲು ಶುರು ಮಾಡಿತ್ತು, ಆಕ್ಸಿಲರೇಟರ್ ಒತ್ತಿದರೆ ಹಿಂದೆ ನೀಲಿ ಹೊಗೆ. ಗ್ಯಾರೇಜಿನವರು ಇಂಜಿನ್ ಬಿಚ್ಚಿ, ಹೊಸ ರಿಂಗ್ ಸೆಟ್ (ಸಿಲಿಂಡರಿನೊಳಗೆ ಮೇಲೆ ಕೆಳಗೆ ಆಡುವ ಪಿಸ್ಟನ್ನಿನ ಸುತ್ತ ಕೂರುವ, ಆಯಿಲ್ ಮೇಲೆ ಬರದಂತೆ ತಡೆಯುವ ಬಳೆಗಳು) ಹಾಕಿ, ದುಡ್ಡು ತೆಗೆದುಕೊಂಡು ಕಳಿಸಿದರು. ಸ್ವಲ್ಪ ದಿನಕ್ಕೇ ಮತ್ತೆ ಅದೇ ಹೊಗೆ. ಇವತ್ತು ಭಾವನ ಜೊತೆ ನಾನೇ ಹೋಗಿ ಹೆಡ್, ಅಂದರೆ ಸಿಲಿಂಡರ್‌ಗಳ ಮೇಲಿನ ಮುಚ್ಚಳ, ಬಿಚ್ಚಿಸಿದೆ. "ಹೋದ ಸಲ ಬೋರ್ ಅಳತೆ ಎಷ್ಟು ಬಂದಿತ್ತು?" ಅಂತ ಕೇಳಿದೆ. ಬೋರ್ ಅಂದರೆ ಸಿಲಿಂಡರಿನ ಒಳಗಿನ ಅಗಲ. "ಅಳತೆ ಯಾಕೆ ಸಾರ್? ಕೈಯಲ್ಲಿ ಮುಟ್ಟಿದ್ರೇ ಗೊತ್ತಾಗುತ್ತೆ. ಬೋರ್ ಚೆನ್ನಾಗೈತೆ" ಅಂದರು.

ಪೀಣ್ಯದ ಟೂಲ್ ರೂಮಿನಲ್ಲಿ ವರ್ಷಗಟ್ಟಲೆ ಸೂಕ್ಷ್ಮ ಅಳತೆಯ ಮೈಕ್ರೋಮೀಟರ್ ಹಿಡಿದವನ ಮುಂದೆ ಈ ಮಾತು! ಸಿಲಿಂಡರಿನ ಒಳಗೆ ಕೈ ಹಾಕಿ ಕೆಳಗಿನಿಂದ ಮೇಲಕ್ಕೆ ಉಗುರು ಎಳೆದೆ. ಬಾಯಿಯ ಹತ್ತಿರ ಬಂದಾಗ ಟಕ್ ಅಂತ ತಡೆಯಿತು. ಅಲ್ಲೊಂದು ಮೆಟ್ಟಿಲು ಎದ್ದಿತ್ತು. ರಿಂಗ್ ಉಜ್ಜದ ಜಾಗ ಹಾಗೇ ಉಳಿದಿದೆ, ಉಜ್ಜಿದ ಜಾಗ ಸವೆದು ಒಳಕ್ಕೆ ಹೋಗಿದೆ. ಇಷ್ಟು ಕಣ್ಣಿಗೆ ಕಾಣುವಂತಿದ್ದರೂ ಬೋರ್ ಚೆನ್ನಾಗಿದೆಯಂತೆ.

ಸಿಲಿಂಡರ್ ಒಂದೇ ಸಮ ಸವೆಯುವುದಿಲ್ಲ. ಮೇಲಿನ ರಿಂಗ್ ಹೋಗಿ ವಾಪಸ್ ತಿರುಗುವ ಕಡೆ ಶಾಖ ಜಾಸ್ತಿ, ಆಯಿಲ್ ಕಡಿಮೆ. ಸವೆತ ಅಲ್ಲೇ ಜಾಸ್ತಿ. ಪಿಸ್ಟನ್ ಪಕ್ಕಕ್ಕೆ ಒತ್ತುವ ಕಡೆ ಇನ್ನಷ್ಟು. ದುಂಡಗಿದ್ದ ಬೋರ್ ಕೊನೆಗೆ ಮೊಟ್ಟೆಯ ಹಾಗಾಗುತ್ತೆ. ಅದರೊಳಗೆ ಎಷ್ಟು ಒಳ್ಳೆಯ ಹೊಸ ರಿಂಗ್ ಹಾಕಿದರೂ ಸುತ್ತಲೂ ಸರಿಯಾಗಿ ಕೂರುವುದಿಲ್ಲ. ಜೊತೆಗೆ ಆ ಮೆಟ್ಟಿಲಿಗೆ ಹೊಡೆದುಕೊಂಡು ರಿಂಗ್ ಮುರಿಯಲೂಬಹುದು. ಇದನ್ನೆಲ್ಲ ತಿಳಿಯಲು ಒಳಗಿನ ಅಗಲ ಅಳೆಯುವ ಬೋರ್ ಗೇಜ್ ಇಳಿಸಿ ಮೇಲೆ, ಮಧ್ಯ, ಕೆಳಗೆ, ಎರಡೂ ದಿಕ್ಕಿನಲ್ಲಿ ಅಳೆಯಬೇಕು. ಮೂರೇ ಸಿಲಿಂಡರ್ ಇರುವ 796 ಸಿಸಿ ಇಂಜಿನ್ ಅದು. ಎಷ್ಟು ಹೊತ್ತು ಬೇಕು ಹೇಳಿ?

ಬಿಚ್ಚುವ ಮೊದಲೇ ನೋಡಬೇಕಾದ್ದನ್ನೂ ನೋಡಿಲ್ಲ. ಸ್ಪಾರ್ಕ್ ಪ್ಲಗ್ ತೆಗೆದು ಕಂಪ್ರೆಷನ್, ಅಂದರೆ ಸಿಲಿಂಡರಿನಲ್ಲಿ ಗಾಳಿಯ ಒತ್ತಡ ಎಷ್ಟು ಏರುತ್ತೆ ಅಂತ, ನೋಡಬೇಕು. ಕಡಿಮೆ ಬಂದರೆ ಅದೇ ತೂತಿನಿಂದ ಒಂದು ಚಮಚ ಆಯಿಲ್ ಬಿಟ್ಟು ಮತ್ತೆ ನೋಡಬೇಕು. ಏರಿದರೆ ಆಯಿಲ್ ಅಲ್ಲಿನ ಸಂದು ಮುಚ್ಚಿದೆ ಅಂತ ಅರ್ಥ, ತೊಂದರೆ ರಿಂಗ್, ಬೋರ್ ಕಡೆ. ಏರದಿದ್ದರೆ ಗಾಳಿ ಒಳಗೆ, ಹೊಗೆ ಹೊರಗೆ ಬಿಡುವ ವಾಲ್ವ್ ಕಡೆ ಹುಡುಕಬೇಕು. ಬೆಳಗ್ಗೆ ಸ್ಟಾರ್ಟ್ ಮಾಡಿದಾಗ ಮಾತ್ರ ಒಂದಿಷ್ಟು ನೀಲಿ ಹೊಗೆ ಬಂದು ನಿಲ್ಲುವ ಕಾರಿಗೆ ಎಷ್ಟೋ ಸಲ ಆಯಿಲ್ ಕೆಳಗೆ ಇಳಿಯದಂತೆ ತಡೆಯುವ ವಾಲ್ವ್ ಸೀಲ್ ಬದಲಿಸಿದರೆ ಸಾಕು. ಅಂಥ ಕಾರಿನ ಇಂಜಿನ್ನನ್ನೂ ಸುಮ್ನೆ ಪೂರ್ತಿ ಬಿಚ್ಚಿ ಹಾಕುತ್ತಾರೆ.

"ಹಳೇ ಕಾರಿಗೆ ಯಾಕಿಷ್ಟು ತಲೆನೋವು? ಗುಜರಿಯಿಂದ ಒಂದು ಹಾಫ್ ಇಂಜಿನ್ ತಂದು ಕೂರಿಸಿ" ಅಂತ ಹೇಳುವವರಿದ್ದಾರೆ. ಹಾಫ್ ಇಂಜಿನ್ ಅಂದರೆ ಹೆಡ್ ಬಿಟ್ಟು ಸಿಲಿಂಡರ್, ಪಿಸ್ಟನ್ ಇರುವ ಕೆಳಭಾಗ. ಬೇಗ ಆಗುತ್ತೆ, ಒಪ್ಪಿದೆ. ಆದರೆ ಆ ಇಂಜಿನ್ ಎಷ್ಟು ಓಡಿದೆ, ಎಷ್ಟು ಸಲ ಹೀಟ್ ಆಗಿದೆ ಅಂತ ಯಾರಿಗೆ ಗೊತ್ತು? ಅದರ ಬೋರನ್ನಾದರೂ ಯಾರು ಅಳೆದಿದ್ದಾರೆ? ಸಿಲಿಂಡರ್‌ಗಳಿರುವ ಬ್ಲಾಕ್ ಬದಲಾದರೆ ಇಂಜಿನ್ ನಂಬರ್ ಬದಲಾಗುತ್ತೆ. ಆರ್‌ಸಿಯಲ್ಲಿ ತಿದ್ದಿಸಲು ಆರ್‌ಟಿಓಗೆ ಅಲೆಯಬೇಕು. ನನಗಂತೂ ಆ ದಾರಿ ಬೇಡ.

ಇನ್ನು "ಮಾರಿಬಿಡಿ" ಅನ್ನುವವರು. ನಮ್ಮಕ್ಕ ಕಾರು ಓಡಿಸಲು ಕಲಿತಿದ್ದು ಇದರಲ್ಲೇ. ಅಕ್ಕ ಹೋದ ಮೇಲೆ ಭಾವ ಮಾರುವ ಮಾತೇ ಎತ್ತಿಲ್ಲ, ನಾವೂ ಎತ್ತುವುದಿಲ್ಲ. ಅಂಥ ಕಾರನ್ನು ಒಬ್ಬರ ಕೈಗೆ ನಂಬಿ ಕೊಟ್ಟಾಗ ಒಂದು ಅಳತೆ ನೋಡುವ ಮರ್ಯಾದೆಯೂ ಬೇಡವಾ? ದುಡ್ಡು ಹೋಗಿದ್ದಕ್ಕಿಂತ ನನಗೆ ಉರಿಯುತ್ತಿರುವುದು ಅದು.

ಗ್ಯಾರೇಜಿನವರೆಲ್ಲ ಹೀಗೇ ಅಂತ ನಾನು ಹೇಳುತ್ತಿಲ್ಲ. ಬ್ಲಾಕ್ ಬಿಚ್ಚಿಸಿಕೊಂಡು ಮಧ್ಯಾಹ್ನ ಸಿಲಿಂಡರ್ ಕೊರೆದು ಸರಿಮಾಡುವ ಒಂದು ಬೋರಿಂಗ್ ಅಂಗಡಿಗೆ ಹೋದೆವು. ಅಲ್ಲಿನ ಹಿರಿಯರು ನಾವು ಬಾಯಿ ಬಿಡುವ ಮೊದಲೇ ಬಟ್ಟೆಯಲ್ಲಿ ಸಿಲಿಂಡರ್ ಒರೆಸಿ ಗೇಜ್ ಇಳಿಸಿದರು. ಒಂದೊಂದು ಅಳತೆಯನ್ನೂ ಸೀಮೆಸುಣ್ಣದಲ್ಲಿ ಬ್ಲಾಕಿನ ಮೇಲೇ ಬರೆದರು. ಈ ಇಂಜಿನ್ನಿನ ಮೂಲ ಬೋರ್ 68.5 ಮಿ.ಮೀ. ಅದಕ್ಕಿಂತ ಎಲ್ಲೆಲ್ಲಿ ಎಷ್ಟು ದೊಡ್ಡದಾಗಿದೆ ಅಂತ ಭಾವನಿಗೆ ಬೆರಳಿಟ್ಟು ತೋರಿಸಿದರು. "0.50 ಓವರ್‌ಸೈಜ್ ಪಿಸ್ಟನ್ ತನ್ನಿ. ಪಿಸ್ಟನ್ ನನ್ನ ಕೈಗೆ ಬರೋವರೆಗೂ ಬೋರ್ ಹೊಡೆಯಲ್ಲ, ಅದನ್ನ ಅಳೆದೇ ಹೊಡೆಯೋದು" ಅಂದರು. ಅಂದರೆ ಮೂಲಕ್ಕಿಂತ ಅರ್ಧ ಮಿ.ಮೀ. ದೊಡ್ಡ ಪಿಸ್ಟನ್ ತಂದು, ಅದಕ್ಕೆ ತಕ್ಕಂತೆ ಬೋರ್ ಕೊರೆಯುವುದು. ಕೈ ಮುಗಿಯಬೇಕು ಅನ್ನಿಸಿತು.

ನಾಳೆ ಜೆ.ಸಿ. ರಸ್ತೆಗೆ ಹೋಗಿ ಪಿಸ್ಟನ್ ಸೆಟ್ ತರಬೇಕು. ನಿಮ್ಮ ಮನೆಯ ಹಳೇ ಕಾರಿನ ಇಂಜಿನ್ ರಿಪೇರಿಗೆ ಬಂದರೆ, ರಿಂಗ್ ಹಾಕುವ ಮೊದಲು ಬೋರ್ ಅಳತೆಯನ್ನು ಬಿಲ್ಲಿನ ಮೇಲೆ ಬರೆಸಿಕೊಳ್ಳಿ. ಬರೆದು ಕೊಡಲ್ಲ ಅಂದರೆ ಅಲ್ಲಿ ಬಿಚ್ಚಿಸಲೇಬೇಡಿ.